ದೂರದ ಡೀಲರ್ ಹತ್ರ ಅಗ್ಗಕ್ಕೆ ಸಿಗುವ ಆರ್‌ವಿ (ಒಳಗೇ ಮಲಗಿ, ಅಡುಗೆ ಮಾಡಿಕೊಂಡು ಪ್ರವಾಸ ಹೋಗುವ ಮನೆಯಂಥ ಗಾಡಿ) ತಗೋಬಹುದಾ?

ಅದೇ ಮಾಡೆಲ್‌ಗೆ ನಿಮ್ಮ ಹತ್ತಿರದ ಡೀಲರ್‌ಗಿಂತ ದೂರದವರು ಅಷ್ಟು ಕಡಿಮೆ ಹೇಳುತ್ತಿರುವುದಕ್ಕೆ ಬಹುಶಃ ಕಾರಣ ಇಷ್ಟೇ: ಜಾಸ್ತಿ ಗಾಡಿ ಮಾರಿ ಕಡಿಮೆ ಲಾಭಕ್ಕೆ ಒಪ್ಪುತ್ತಾರೆ, ಸಾಗಣೆ ಮತ್ತು ಕಾಗದಪತ್ರದ ಖರ್ಚನ್ನು ಕೊನೆಗೆ ಸೇರಿಸುತ್ತಾರೆ. ಮೊದಲು ಇಬ್ಬರಿಂದಲೂ ಎಲ್ಲ ಸೇರಿದ ಮೊತ್ತವನ್ನು ಬರೆಸಿಕೊಳ್ಳಿ.

ಆಮೇಲೆ ವಾರಂಟಿ. ಅದು ಕೊಡುವುದು ತಯಾರಕರು, ನಿಜ. ಆದರೆ ರಿಪೇರಿ ಮಾಡುವವರು ಡೀಲರ್, ಅವರಲ್ಲಿ ಅನೇಕರು ತಮ್ಮ ಗಿರಾಕಿಗಳ ಗಾಡಿಯನ್ನೇ ಮೊದಲು ಒಳಗೆ ಬಿಟ್ಟುಕೊಳ್ಳುತ್ತಾರೆ. ನಿಮ್ಮ ಹತ್ತಿರದವರೂ ಹಾಗೇನಾ ಅಂತ ನಾನು ಹೇಳಲಾರೆ. ಸೇಲ್ಸ್‌ನವರನ್ನು ಬಿಟ್ಟು ಸರ್ವಿಸ್‌ನವರಿಗೇ ಫೋನ್ ಮಾಡಿ, "ಬೇರೆ ಕಡೆ ಕೊಂಡ ಗಾಡಿಗೆ ವಾರಂಟಿ ಕೆಲಸ ಮಾಡ್ತೀರಾ, ಎಷ್ಟು ವಾರ ಕಾಯಬೇಕು?" ಅಂತ ಕೇಳಿ. ನಾನು ಇದನ್ನು ಕೇಳದೆ ಕೊಂಡೆ. ಸ್ಲೈಡ್‌ಔಟ್ (ಗಾಡಿ ನಿಲ್ಲಿಸಿದಾಗ ಜಾಗ ಹೆಚ್ಚಿಸಲು ಹೊರಕ್ಕೆ ಜಾರಿಸುವ ಭಾಗ) ಮೂಲೆಯ ರಬ್ಬರ್ ಸೀಲ್ ಒಂದು ಬೆರಳಷ್ಟು ಬಿಟ್ಟುಕೊಂಡು, ಮಳೆ ಬಂದಾಗೆಲ್ಲ ಹಾಸಿಗೆ ಒದ್ದೆ. ಆ ಬೆರಳಷ್ಟು ಸೀಲ್‌ಗಾಗಿ ಇಡೀ ಗಾಡಿಯನ್ನು ವಾಪಸ್ ಅಷ್ಟು ದೂರ ಓಡಿಸಿದೆ!

"ಮಾಡಲ್ಲ" ಅಂದರೆ ಹತ್ತಿರದಲ್ಲೇ ಕೊಳ್ಳಿ. ದೂರದವರ ಬೆಲೆ ತೋರಿಸಿ ಚೌಕಾಸಿ ಮಾಡಿ, ಸ್ವಲ್ಪ ಇಳಿಸಿದರೂ ಇಳಿಸಬಹುದು.

"ಮಾಡ್ತೀವಿ" ಅಂದರೆ ದೂರದ್ದನ್ನು ನೋಡಿ. ಆದರೆ ಪೂರ್ತಿ ದುಡ್ಡು ಕೊಡುವ ಮೊದಲು ಫ್ರಿಜ್, ಎಸಿ, ಗೀಸರ್ ಎಲ್ಲ ಓಡಿಸಿ. ಸ್ಲೈಡ್‌ಔಟ್ ಎರಡು ಸಲ ಹೊರಗೆ ಒಳಗೆ ಮಾಡಿಸಿ. ನೀರಿನ ಟ್ಯಾಂಕ್ ತುಂಬಿಸಿ ಸಿಂಕ್ ಕೆಳಗೆ ಕೈಯಾಡಿಸಿ. ಕೊಂಡ ಮೊದಲ ರಾತ್ರಿ ಆ ಡೀಲರ್ ಊರಲ್ಲೇ ಗಾಡಿಯೊಳಗೆ ಮಲಗಿ. ಏನಾದರೂ ಕೆಟ್ಟರೆ ಬೆಳಿಗ್ಗೆ ಅವರ ಬಾಗಿಲಿಗೇ ಹೋಗಬಹುದು.