ಬೀಟ್ ಪುಸ್ತಕದಲ್ಲಿ ನಿಮ್ಮ ಬೀದಿ

ಜಿಲ್ಲಾ ಕೇಂದ್ರವೊಂದರ ನಿವೃತ್ತ ಶಿಕ್ಷಕರೊಬ್ಬರು ಪತ್ರ ಬರೆದಿದ್ದಾರೆ. ಬೆಳಿಗ್ಗೆ ದೇವಸ್ಥಾನದಿಂದ ಮರಳುತ್ತಿದ್ದ ಅವರ ಪತ್ನಿಯ ಸರವನ್ನು ಬೈಕಿನಲ್ಲಿ ಬಂದವರು ಕಿತ್ತುಕೊಂಡು ಹೋದರು. ಠಾಣೆಗೆ ಹೋದರೆ, ಸಾಹೇಬರು ಬಂದೋಬಸ್ತಿನಲ್ಲಿದ್ದಾರೆ, ನಾಳೆ ಬನ್ನಿ ಎಂಬ ಉತ್ತರ. ಮರುದಿನ ಹೋದರೆ, ಆ ರಸ್ತೆ ನಮ್ಮ ವ್ಯಾಪ್ತಿಯದಲ್ಲ ಎಂಬ ಮಾತು. "ಅಷ್ಟು ಜನ ಇರುವ ಠಾಣೆಯಲ್ಲಿ ಯಾರು ಏನು ಕೆಲಸ ಮಾಡುತ್ತಾರೆ? ರಸ್ತೆ, ನೀರು, ಬೀದಿದೀಪ ನಗರಸಭೆಯ ಕೈಯಲ್ಲಿರುವಾಗ ಪೊಲೀಸರು ಮಾತ್ರ ಏಕಿಲ್ಲ?" ಎಂದು ಕೇಳಿದ್ದಾರೆ.

ಗುರುಗಳೇ,

ಮೊದಲು ನಿಮ್ಮ ಕೆಲಸದ ಮಾತು. ವ್ಯಾಪ್ತಿಯ ನೆಪ ಹೇಳಿ ನಿಮ್ಮನ್ನು ವಾಪಸ್ ಕಳಿಸಿದ್ದು ತಪ್ಪು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ, ಇಂಥ ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಅವರು ಜೀರೋ ಎಫ್‌ಐಆರ್ (ವ್ಯಾಪ್ತಿ ನೋಡದೆ ಬರೆದುಕೊಳ್ಳುವ ಪ್ರಥಮ ವರ್ತಮಾನ ವರದಿ) ದಾಖಲಿಸಿಕೊಂಡು ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. ಇಮೇಲ್‌ನಂಥ ಮಾರ್ಗದಲ್ಲೂ ದೂರು ಕಳಿಸಬಹುದು, ಮೂರು ದಿನದೊಳಗೆ ಹೋಗಿ ಸಹಿ ಹಾಕಿದರಾಯಿತು. ಎಫ್‌ಐಆರ್ ಪ್ರತಿಯನ್ನು ಪುಕ್ಕಟೆ ಕೊಡಬೇಕು. ಠಾಣೆಯವರು ಒಪ್ಪದಿದ್ದರೆ ದೂರನ್ನು ಲಿಖಿತವಾಗಿ, ಅಂಚೆಯಲ್ಲಿ, ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ (ಎಸ್ಪಿ) ಕಳಿಸಿ. ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದು. ಇನ್ನೊಂದು ವಿಷಯ: ತನಿಖೆಯಲ್ಲಿ ಸಾಕ್ಷಿ ಹೇಳಿಕೆಗಾಗಿ ಮಹಿಳೆಯರನ್ನಾಗಲಿ 60 ದಾಟಿದ ಹಿರಿಯರನ್ನಾಗಲಿ ಠಾಣೆಗೆ ಬರಲೇಬೇಕೆಂದು ಒತ್ತಾಯಿಸುವಂತಿಲ್ಲ. ಪೊಲೀಸರೇ ನಿಮ್ಮ ಮನೆಗೆ ಬರಬೇಕು. ನಿಮ್ಮ ಪತ್ನಿ ಮತ್ತೆ ಮತ್ತೆ ಠಾಣೆಯ ಬೆಂಚಿನ ಮೇಲೆ ಕೂರಬೇಕಾಗಿಲ್ಲ.

ಇನ್ನು ನಗರಸಭೆಯ ಪ್ರಶ್ನೆ. ಅಮೆರಿಕದ ಸಣ್ಣ ಸಣ್ಣ ಊರುಗಳಿಗೂ ಸ್ವಂತ ಪೊಲೀಸ್ ಇಲಾಖೆ ಇರುತ್ತದೆ, ಅದರ ಖರ್ಚುವೆಚ್ಚವನ್ನು ಆ ಊರಿನ ಆಡಳಿತವೇ ನೋಡಿಕೊಳ್ಳುತ್ತದೆ. ನಮ್ಮಲ್ಲಿ ಸಂವಿಧಾನದ ಏಳನೇ ಅನುಸೂಚಿಯಂತೆ ಪೊಲೀಸ್ ರಾಜ್ಯದ ವಿಷಯ. ಕರ್ನಾಟಕದಲ್ಲಿ 1963ರ ಪೊಲೀಸ್ ಕಾಯ್ದೆಯಡಿ ಇಡೀ ರಾಜ್ಯಕ್ಕೆ ಒಂದೇ ಪಡೆ. ಬೆಂಗಳೂರು, ಮೈಸೂರು, ಮಂಗಳೂರಿನಂಥ ಕೆಲವು ನಗರಗಳಿಗೆ ಕಮಿಷನರ್ ಇದ್ದಾರೆ. ಶಿವಮೊಗ್ಗ, ಹಾಸನ, ತುಮಕೂರಿನಂಥ ಊರುಗಳೆಲ್ಲ ಜಿಲ್ಲೆಯ ಎಸ್ಪಿಯ ಕೆಳಗೆ ಬರುತ್ತವೆ. ಎಸ್ಪಿ, ಉಪವಿಭಾಗಕ್ಕೆ ಡಿವೈಎಸ್ಪಿ, ಆಮೇಲೆ ಇನ್‌ಸ್ಪೆಕ್ಟರ್, ಪಿಎಸ್‌ಐ, ಎಎಸ್‌ಐ, ಹೆಡ್ ಕಾನ್‌ಸ್ಟೆಬಲ್, ಕಾನ್‌ಸ್ಟೆಬಲ್: ಹೀಗೆ ಇಳಿಯುವ ಸಾಲು ಅದು. ನಗರಸಭೆ ಸದಸ್ಯರು ಫೋನ್ ಮಾಡಬಹುದು, ಆದೇಶ ಕೊಡಲಾರರು. ನನಗೆ ಇದು ಒಂದು ಮಟ್ಟಿಗೆ ಒಳ್ಳೆಯದೆಂದೇ ಅನ್ನಿಸುತ್ತದೆ. ವಾರ್ಡಿನ ಜಗಳ ಠಾಣೆಯೊಳಕ್ಕೆ ಬರುವುದು ಅಷ್ಟಾದರೂ ಕಡಿಮೆಯಾಗುತ್ತದೆ. ಆದರೆ ಊರಿಗೂ ಠಾಣೆಗೂ ನಡುವೆ ಕಾಗದದ ಮೇಲೆ ನಂಟೇ ಇಲ್ಲದಂತಾಗಿದೆ ಎಂಬ ನಿಮ್ಮ ಕೊರಗು ನಿಜವೇ.

ಠಾಣೆಯ ಒಳಗಿನ ಲೆಕ್ಕ ಹೇಳುತ್ತೇನೆ. ನಾನು ಅಪರಾಧ ವರದಿಗಾರನಾಗಿ ಹಲವು ರಾತ್ರಿಗಳನ್ನು ಠಾಣೆಯ ಬೆಂಚುಗಳ ಮೇಲೆ ಕಳೆದವನು. ಹೊರಗೆ ನೋಡಿದರೆ ಹಾಜರಿ ಪುಸ್ತಕದ ತುಂಬ ಹೆಸರುಗಳು. ಆದರೆ ಒಬ್ಬರು ಸೆಂಟ್ರಿ, ಬಂದೂಕು ಮತ್ತು ಲಾಕಪ್ ಕಾಯಬೇಕು. ಒಬ್ಬರು ಠಾಣಾ ಬರಹಗಾರರು. ದೂರು, ಡೈರಿ, ಕೋರ್ಟಿಗೆ ಹೋಗುವ ಕಾಗದ ಎಲ್ಲವೂ ಅವರ ಮೇಜಿನ ಮೇಲೇ ಹಾದುಹೋಗುತ್ತವೆ. ನಿಮ್ಮೊಂದಿಗೆ ಮಾತಾಡಿದವರು ಬಹುಶಃ ಅವರೇ. ಒಬ್ಬರು ಕೋರ್ಟ್ ಕರ್ತವ್ಯಕ್ಕೆ. ಒಂದಿಬ್ಬರು ಸಮನ್ಸ್, ವಾರಂಟ್ ಹಿಡಿದು ಬೇರೆ ಊರಿಗೆ. ಒಬ್ಬರು ಆಸ್ಪತ್ರೆಯಲ್ಲಿ ಗಾಯಾಳುವಿನ ಹೇಳಿಕೆ ಬರೆಸಿಕೊಳ್ಳುತ್ತಿರುತ್ತಾರೆ. ರಾತ್ರಿ ಗಸ್ತು ಮುಗಿಸಿದವರು ಮನೆಗೆ ಹೋಗಿ ನಿದ್ದೆ ಮಾಡಬೇಕು. ಅಷ್ಟರಲ್ಲಿ ಮಂತ್ರಿಗಳ ಭೇಟಿಯೋ ಜಾತ್ರೆಯೋ ಗಣೇಶನ ಮೆರವಣಿಗೆಯೋ ಬಂದರೆ ಉಳಿದವರೂ ಹೊರಡುತ್ತಾರೆ. ಬಂದೋಬಸ್ತಿಗೆ ಜಿಲ್ಲಾ ಸಶಸ್ತ್ರ ಮೀಸಲು ಪಡೆ, ಕೆಎಸ್‌ಆರ್‌ಪಿ (ರಾಜ್ಯ ಮೀಸಲು ಪೊಲೀಸ್) ತುಕಡಿಗಳಿವೆ. ಆದರೂ ಠಾಣೆಯವರಿಗೆ ಬಿಡುವಿಲ್ಲ.

ಹೆಗಲು ನೋಡಿದರೆ ಯಾರೊಡನೆ ಮಾತಾಡುತ್ತಿದ್ದೇವೆಂದು ತಿಳಿಯುತ್ತದೆ. ಕೆಂಪು-ನೀಲಿ ಪಟ್ಟಿಯ ಜೊತೆ ಒಂದು ನಕ್ಷತ್ರವಿದ್ದರೆ ಎಎಸ್‌ಐ, ಎರಡಿದ್ದರೆ ಪಿಎಸ್‌ಐ, ಮೂರಿದ್ದರೆ ಇನ್‌ಸ್ಪೆಕ್ಟರ್. "ಸಾಹೇಬರಿಲ್ಲ" ಎಂದಾಗ, "ಈಗ ಪ್ರಭಾರದಲ್ಲಿ ಯಾರಿದ್ದಾರೆ?" ಎಂದು ಕೇಳಿ. ಠಾಣಾಧಿಕಾರಿ ಹೊರಗಿದ್ದರೆ ಆ ಹೊಣೆ ಹೊತ್ತವರು ಒಳಗೊಬ್ಬರು ಇರಲೇಬೇಕು. ಠಾಣೆ ಯಾವತ್ತೂ ದಿಕ್ಕಿಲ್ಲದ ಮನೆಯಲ್ಲ.

ನಿಮ್ಮ ಪತ್ರದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ತಟ್ಟಿದ್ದು ಕೊನೆಯಲ್ಲಿ ಬರೆದ ಒಂದು ಸಾಲು: "ನಲವತ್ತು ವರ್ಷದಿಂದ ಇದೇ ಬೀದಿಯಲ್ಲಿದ್ದೇನೆ, ಒಬ್ಬ ಪೊಲೀಸರ ಹೆಸರೂ ಗೊತ್ತಿಲ್ಲ." ಕೊರತೆ ಇರುವುದು ಅಲ್ಲೇ. ಠಾಣೆಯ ವ್ಯಾಪ್ತಿಯನ್ನು ಬೀಟ್‌ಗಳಾಗಿ, ಅಂದರೆ ಗಸ್ತಿನ ಚಿಕ್ಕ ಚಿಕ್ಕ ಭಾಗಗಳಾಗಿ, ಹಂಚಿರುತ್ತಾರೆ. 2017ರಲ್ಲಿ ನಮ್ಮ ರಾಜ್ಯ ಸುಧಾರಿತ ಗಸ್ತು ವ್ಯವಸ್ಥೆ ತಂದಾಗ ಒಂದೊಂದು ಬೀಟನ್ನು ಒಬ್ಬೊಬ್ಬ ಕಾನ್‌ಸ್ಟೆಬಲ್ ಅಥವಾ ಹೆಡ್ ಕಾನ್‌ಸ್ಟೆಬಲ್‌ಗೆ ಒಪ್ಪಿಸಿ, ಆ ಬೀದಿಗಳ ನಾಗರಿಕರನ್ನೂ ಜೊತೆಗೆ ಸೇರಿಸಿಕೊಳ್ಳಬೇಕೆಂದಿತು. 2025ರ ಜುಲೈಯಲ್ಲಿ 'ಮನೆ ಮನೆಗೆ ಪೊಲೀಸ್' ಶುರುವಾಯಿತು, ಸಿಬ್ಬಂದಿಯೇ ಬಾಗಿಲಿಗೆ ಬಂದು ಕಷ್ಟ ಕೇಳಬೇಕೆಂಬುದು ಅದರ ಉದ್ದೇಶ. ಇವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಯಾವ ಮನೆಯಲ್ಲಿ ಅಜ್ಜಿ ಒಬ್ಬರೇ ಇದ್ದಾರೆ, ಯಾವ ತಿರುವಿನ ದೀಪ ತಿಂಗಳಿಂದ ಉರಿಯುತ್ತಿಲ್ಲ, ಯಾವ ಬೈಕು ನಸುಕಿನಲ್ಲಿ ಸುಮ್ಮನೆ ಸುತ್ತುತ್ತಿದೆ ಎಂಬುದು ಎಸ್ಪಿ ಕಚೇರಿಯ ಪರದೆಯ ಮೇಲೆ ಕಾಣುವುದಿಲ್ಲ. ಅದು ಗೊತ್ತಿರುವುದು ಬೀದಿಯಲ್ಲಿ ನಡೆದಾಡುವವರಿಗೆ. ಆದರೆ ಬೀಟ್‌ನವರನ್ನೇ ದಿನ ಬಿಟ್ಟು ದಿನ ಬಂದೋಬಸ್ತಿಗೆ ಎಳೆದರೆ, ಬೀದಿಯ ಪರಿಚಯವಾಗುವ ಹೊತ್ತಿಗೆ ಅವರನ್ನು ಬದಲಿಸಿದರೆ, ಗಸ್ತಿನ ದಾಖಲೆ ಬರೆಯುವ ಬೀಟ್ ಪುಸ್ತಕದಲ್ಲಿ ಸಹಿ ಮಾತ್ರ ಉಳಿಯುತ್ತದೆ. ಠಾಣಾಧಿಕಾರಿಗೂ ಎಸ್ಪಿಗೂ ಕನಿಷ್ಠ ಎರಡು ವರ್ಷ ಒಂದೇ ಕಡೆ ಅವಕಾಶ ಕೊಡಬೇಕೆಂದು, ತನಿಖೆಯನ್ನು ಕಾನೂನು-ಸುವ್ಯವಸ್ಥೆಯಿಂದ ಬೇರ್ಪಡಿಸಬೇಕೆಂದು ಸುಪ್ರೀಂ ಕೋರ್ಟ್ 2006ರಲ್ಲೇ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಹೇಳಿತು. ಬೀಟ್ ಕಾನ್‌ಸ್ಟೆಬಲ್‌ಗೂ ಅಂಥದೇ ಭದ್ರವಾದ ಅವಧಿ ಬೇಕು ಎಂಬುದು ನನ್ನ ವಾದ. ಊರಿನ ಮಟ್ಟಿಗೆ ಅವರೇ ಪೊಲೀಸ್ ಇಲಾಖೆ.

ಹಾಗಾಗಿ ಮುಂದಿನ ಬಾರಿ ಠಾಣೆಗೆ ಹೋದಾಗ ದೂರಿನ ಜೊತೆಗೆ ಇನ್ನೊಂದು ಕೇಳಿ: "ನಮ್ಮ ಬೀದಿ ಯಾವ ಬೀಟ್‌ಗೆ ಸೇರಿದೆ, ಯಾರು ನೋಡಿಕೊಳ್ಳುತ್ತಾರೆ?" ಹೆಸರು, ಫೋನ್ ನಂಬರ್ ಬರೆದುಕೊಳ್ಳಿ, ನೆರೆಯವರಿಗೂ ಕೊಡಿ. ಅವರನ್ನು ಒಂದು ಸಂಜೆ ಬೀದಿಗೆ ಕರೆದು ಸರ ಕಿತ್ತುಕೊಂಡ ಜಾಗ, ಬೈಕು ಹೋದ ದಾರಿ, ಯಾವ ಮನೆಯ ಮುಂದೆ ಕ್ಯಾಮೆರಾ ಇದೆ ಎಂಬುದನ್ನು ತೋರಿಸಿ. ಕ್ಯಾಮೆರಾದ ಹಳೆಯ ದೃಶ್ಯಗಳು ತಾವಾಗಿಯೇ ಅಳಿಸಿಹೋಗುತ್ತವೆ, ಆದ್ದರಿಂದ ಇದನ್ನು ಈ ವಾರವೇ ಮಾಡಿ. ತುರ್ತು ಬಂದರೆ ಬೀಟ್‌ನವರಿಗಾಗಿ ಕಾಯದೆ 112ಕ್ಕೆ ಕರೆ ಮಾಡಿ.

ದೂರು ದಾಖಲಾದ ಮೇಲೆ ತನಿಖೆ ಎಲ್ಲಿಗೆ ಬಂತೆಂದು 90 ದಿನದೊಳಗೆ ದೂರುದಾರರಿಗೆ ತಿಳಿಸಬೇಕೆಂದು ಅದೇ ಸಂಹಿತೆ ಹೇಳುತ್ತದೆ. ಎಫ್‌ಐಆರ್ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಳ್ಳಿ. ಅಲ್ಲಿಂದ 90 ದಿನವಾದಾಗ ಏನು ಉತ್ತರ ಬಂತೆಂದು ನಮಗೆ ಬರೆಯಿರಿ, ಖಂಡಿತ ಪ್ರಕಟಿಸುತ್ತೇವೆ.

— ಸಂಪಾದಕ