ಹಳೆಯ ರಾಕ್ ಕಾನ್ಸರ್ಟ್‌ಗಳಲ್ಲಿ ಒಂದೇ ಒಂದಕ್ಕೆ ಹೋಗಬಹುದು ಅಂದರೆ ಯಾವುದನ್ನು ಆರಿಸುತ್ತೀರಿ?

1974ರ ಮೇ 21, ಸಿಯಾಟಲ್, ಹೆಕ್ ಎಡ್ಮಂಡ್‌ಸನ್ ಪೆವಿಲಿಯನ್. ಅಮೆರಿಕದ ರಾಕ್ ತಂಡ ಗ್ರೇಟ್‌ಫುಲ್ ಡೆಡ್.

ಹೆಚ್ಚಿನವರು 1985ರ ಲೈವ್ ಏಡ್‌ನ ಕ್ವೀನ್ ಅಥವಾ ವುಡ್‌ಸ್ಟಾಕ್ ಅನ್ನುತ್ತಾರೆ. ಕ್ವೀನ್‌ನ ಆ 21 ನಿಮಿಷ ವಿಡಿಯೊದಲ್ಲೇ ಮುಕ್ಕಾಲು ಪಾಲು ಸಿಕ್ಕಿಬಿಡುತ್ತದೆ. ವುಡ್‌ಸ್ಟಾಕ್‌ನಲ್ಲಿ ಗಿಟಾರಿಸ್ಟ್ ಜಿಮಿ ಹೆಂಡ್ರಿಕ್ಸ್ ವೇದಿಕೆ ಹತ್ತಿದ್ದು ಸೋಮವಾರ ಬೆಳಿಗ್ಗೆ. ಅಷ್ಟೊತ್ತಿಗೆ ಬಹುಪಾಲು ಜನ ಮನೆ ದಾರಿ ಹಿಡಿದಿದ್ದರು. ಆದರೆ 1974ರ ಡೆಡ್ ಶೋಗಳಲ್ಲಿ ನಿಂತವರ ಕಿವಿಗೆ ಬಿದ್ದದ್ದು ಯಾವ ಟೇಪಿನಲ್ಲೂ ಪೂರ್ತಿ ಇಲ್ಲ.

ಕಾರಣ, ಅವರ ಸೌಂಡ್ ಎಂಜಿನಿಯರ್ ಔಸ್ಲಿ ಸ್ಟಾನ್ಲಿ ಮತ್ತು ಸಂಗಡಿಗರು ಕಟ್ಟಿದ 'ವಾಲ್ ಆಫ್ ಸೌಂಡ್', ಅಂದರೆ ಗೋಡೆಯಂತೆ ಪೇರಿಸಿದ ಸ್ಪೀಕರ್ ವ್ಯವಸ್ಥೆ. ಅದರ ಪೂರ್ಣ ರೂಪ ಮೊದಲು ಕೇಳಿಸಿದ್ದು ಅದೇ ವರ್ಷದ ಮಾರ್ಚ್ 23ರಂದು, ಕ್ಯಾಲಿಫೋರ್ನಿಯಾದ ಕೌ ಪ್ಯಾಲೇಸ್‌ನಲ್ಲಿ. 600ಕ್ಕೂ ಹೆಚ್ಚು ಸ್ಪೀಕರ್, 26,000 ವ್ಯಾಟ್‌ಗೂ ಮೇಲೆ ಪವರ್, ಮೂರಂತಸ್ತಿನ ಎತ್ತರ. ಅಂಕಿಗಳಿಗಿಂತ ಮುಖ್ಯವಾದದ್ದು ಜೋಡಣೆ. ಮಾಮೂಲಿ ಪಿಎಯಲ್ಲಿ (ಜನರಿಗೆ ಕೇಳಿಸುವ ಧ್ವನಿವರ್ಧಕ ವ್ಯವಸ್ಥೆ) ಎಲ್ಲವನ್ನೂ ಮಿಕ್ಸ್ ಮಾಡಿ ಒಂದೇ ಸ್ಪೀಕರ್‌ಗಳಿಗೆ ಕೊಡುವುದರಿಂದ ಬೇಸ್ ಜೋರಾದಾಗ ಹಾಡುಗಾರಿಕೆಯೂ ಕಲಸಿಹೋಗುತ್ತದೆ. ಇಲ್ಲಿ ಗಿಟಾರಿಗೆ, ಪಿಯಾನೊಗೆ, ದನಿಗೆ ಒಂದೊಂದಕ್ಕೂ ತನ್ನದೇ ಸ್ಪೀಕರ್ ಗುಂಪು. ಬೇಸ್ ಗಿಟಾರ್ ವಾದಕ ಫಿಲ್ ಲೆಶ್ ತನ್ನ ಬೇಸ್‌ನ ನಾಲ್ಕು ತಂತಿಗಳ ಸದ್ದನ್ನೂ ಬೇರೆ ಬೇರೆ ಕಡೆ ಕಳಿಸಬಹುದಿತ್ತು. ಸ್ಪೀಕರ್‌ಗಳನ್ನು ನೆಟ್ಟಗೆ ಕಂಬದಂತೆ ಪೇರಿಸಿದ್ದರಿಂದ ಶಬ್ದ ಚಾವಣಿಗೆ ಚದುರದೆ ನೇರ ಮುಂದಕ್ಕೆ ಹೋಗುತ್ತಿತ್ತು. 180 ಮೀಟರ್ ದೂರದಲ್ಲೂ ಸ್ಪಷ್ಟ. ಈಗ ವೇದಿಕೆಯ ಎರಡೂ ಕಡೆ ಬಾಳೆಗೊನೆಯಂತೆ ತೂಗುಬಿಡುವ ಲೈನ್ ಅರೇಗಳದ್ದೂ ಇದೇ ತತ್ವ.

ಗೋಡೆ ಇದ್ದದ್ದು ಬ್ಯಾಂಡ್‌ನ ಬೆನ್ನ ಹಿಂದೆ. ಅಂದರೆ ಮೈಕ್‌ಗಳ ಎದುರಿಗೇ, ಸ್ಪೀಕರಿನ ಸದ್ದು ಮತ್ತೆ ಮೈಕಿಗೇ ಹೊಕ್ಕು ಫೀಡ್‌ಬ್ಯಾಕ್ ಕಿರುಚಲೇಬೇಕು. ಅದಕ್ಕೆ ಪ್ರತಿ ಗಾಯಕನಿಗೂ ಒಂದರ ಮೇಲೊಂದರಂತೆ ಎರಡೆರಡು ಮೈಕ್, ಒಂದರ ಫೇಸ್ (ಶಬ್ದದ ಅಲೆಯ ಏರಿಳಿತ) ಉಲ್ಟಾ. ಗೋಡೆಯ ಸದ್ದು ಎರಡಕ್ಕೂ ಸಮವಾಗಿ ಬಿದ್ದು ರದ್ದಾಗುತ್ತದೆ, ದನಿ ಮೇಲಿನದಕ್ಕೆ ಮಾತ್ರ ಹೋಗುತ್ತದೆ. ತುಟಿ ಮೈಕಿಗೆ ತಾಗುವಂತಿರಬೇಕು. ಸ್ವಲ್ಪ ಸರಿದರೂ ದನಿಯೇ ರದ್ದು. ಆ ವರ್ಷದ ರೆಕಾರ್ಡಿಂಗ್‌ಗಳಲ್ಲಿ ಗಾಯನ ತೆಳ್ಳಗೆ ಕೇಳಿಸುವುದು ಇದರಿಂದಲೇ. ಗಾಯಕರ ಮೇಲೆ ತಪ್ಪು ಹೊರಿಸಬೇಡಿ.

ಸಿಯಾಟಲ್ಲೇ ಯಾಕೆ? ಆ ರಾತ್ರಿಯ 'ಪ್ಲೇಯಿಂಗ್ ಇನ್ ದ ಬ್ಯಾಂಡ್' ಸುಮಾರು 46 ನಿಮಿಷ ಹರಿಯಿತು, ಅವರು ಆ ಹಾಡನ್ನು ಅಷ್ಟು ಉದ್ದ ಬೇರೆಲ್ಲೂ ನುಡಿಸಿಲ್ಲ. ಇನ್ನೊಬ್ಬ ಡ್ರಮ್ಮರ್ ಮಿಕಿ ಹಾರ್ಟ್ ಆಗ ತಂಡದಲ್ಲಿರಲಿಲ್ಲ. ಒಬ್ಬನೇ ಡ್ರಮ್ಮರ್ ಇದ್ದದ್ದರಿಂದ ತಂಡ ಥಟ್ಟನೆ ದಿಕ್ಕು ಬದಲಿಸಬಲ್ಲದು. ಕೊನೆಗೆ ಅವರು ನುಡಿಸಿದ ಅಷ್ಟೂ ವರ್ಷಗಳಲ್ಲಿ ನನಗೆ 1974 ಮೇಲು, ಇದಕ್ಕೆ ಜಗಳವಾಡುವವರೂ ಇದ್ದಾರೆ.

ಈ ವ್ಯವಸ್ಥೆ ಬಾಳಲಿಲ್ಲ. ಸುಮಾರು 75 ಟನ್ ತೂಕ. ಒಂದೂರಲ್ಲಿ ನುಡಿಸುವಾಗ ಮುಂದಿನೂರಲ್ಲಿ ಇನ್ನೊಂದು ವೇದಿಕೆ ಕಟ್ಟಬೇಕು. ತೈಲ ಬಿಕ್ಕಟ್ಟಿನ ಕಾಲ ಬೇರೆ. ಅಕ್ಟೋಬರ್ 20ಕ್ಕೆ ಸ್ಯಾನ್ ಫ್ರಾನ್ಸಿಸ್ಕೊದ ವಿಂಟರ್‌ಲ್ಯಾಂಡ್‌ನಲ್ಲಿ ಮುಗಿಯಿತು.

ಸಿಯಾಟಲ್ ಶೋ 2018ರ 'ಪೆಸಿಫಿಕ್ ನಾರ್ತ್‌ವೆಸ್ಟ್' ಬಾಕ್ಸ್ ಸೆಟ್‌ನಲ್ಲಿದೆ. ಫೋನ್ ಸ್ಪೀಕರಿನಲ್ಲಿ ಬೇಡ, ಬೇಸ್ ಕೇಳಿಸುವ ಹೆಡ್‌ಫೋನ್ ಹಾಕಿ. ಗೋಡೆಯನ್ನು ಕಣ್ಣಾರೆ ನೋಡಬೇಕಿದ್ದರೆ ವಿಂಟರ್‌ಲ್ಯಾಂಡ್‌ನಲ್ಲಿ ಚಿತ್ರೀಕರಿಸಿ 1977ರಲ್ಲಿ ಬಿಡುಗಡೆ ಮಾಡಿದ ಅವರ ಸಿನಿಮಾ ಇದೆ.