ಚಾರಣಕ್ಕೆ ಜೂಮ್ ಲೆನ್ಸ್: 600 ಬೇಡ, 250 ಸಾಕು

ನಿಮ್ಮ ಹತ್ತಿರ ಇರುವುದು ಕ್ಯಾನನ್ 1500ಡಿ ಕ್ಯಾಮೆರಾ ಮತ್ತು ಅದರ ಜೊತೆಗೇ ಬಂದ 18-55 ಲೆನ್ಸ್ (ಈ ಅಂಕಿಗಳು ಮಿ.ಮೀ. ಲೆಕ್ಕ; ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ). ಓಡಾಟ ಕುದುರೆಮುಖ, ಕುಮಾರ ಪರ್ವತದಂಥ ಕಡೆ. ಹಕ್ಕಿ, ಹೂವು, ಬೆಟ್ಟದ ಸಾಲು ಎಲ್ಲವೂ ಬೇಕು, ಬಜೆಟ್ ಹದಿನೈದು ಸಾವಿರ. ಇನ್ನಷ್ಟು ಹಣ ಹೊಂದಿಸಿಕೊಂಡು ಸೆಕೆಂಡ್ ಹ್ಯಾಂಡ್ 150-600 ಕೊಳ್ಳಲೇ ಎಂದು ಕೇಳಿದ್ದೀರಿ.

ಬೇಡ. ಕ್ಯಾನನ್ ಇಎಫ್-ಎಸ್ 55-250 ಎಫ್/4-5.6 ಐಎಸ್ ಎಸ್‌ಟಿಎಂ ಹುಡುಕಿ. ಐಎಸ್ ಎಂದರೆ ಕೈನಡುಕ ತಡೆಯುವ ವ್ಯವಸ್ಥೆ, ಎಸ್‌ಟಿಎಂ ಎಂದರೆ ಫೋಕಸ್ ಮಾಡುವ ಮೋಟಾರಿನ ಬಗೆ. ಸೆಕೆಂಡ್ ಹ್ಯಾಂಡ್ ಆದರೆ ನಿಮ್ಮ ಬಜೆಟ್ಟಿನೊಳಗೇ ಸಿಗುತ್ತದೆ. ಘಟ್ಟ ಹತ್ತುವಾಗ ನಾನು ಒಯ್ಯುವುದೂ ಅದನ್ನೇ. ಹಣವಿದ್ದರೂ ಚಾರಣಕ್ಕೆ ಬೇರೆ ಕೊಳ್ಳುವ ಮನಸ್ಸಿಲ್ಲ.

ಮೊದಲು ತೂಕದ ಮಾತು. 150-600ರ ವರ್ಗದಲ್ಲಿ ಸಿಗ್ಮಾದ ಕಂಟೆಂಪೊರರಿ ಹಗುರದ್ದೆಂದೇ ಲೆಕ್ಕ, ಆದರೂ 1.93 ಕಿಲೋ. 55-250 ಬರೀ 375 ಗ್ರಾಂ. ನಿಮ್ಮ ಕ್ಯಾಮೆರಾ 475 ಗ್ರಾಂ, 18-55 ಸುಮಾರು 200 ಗ್ರಾಂ. ಮೂರೂ ಸೇರಿ ಒಂದು ಕಿಲೋ ಚಿಲ್ಲರೆ. ಕುಮಾರ ಪರ್ವತದ ತುದಿ 1,712 ಮೀಟರ್. ಕುಕ್ಕೆಯಿಂದ ಹೊರಟರೆ ಒಂದೂವರೆ ಸಾವಿರ ಮೀಟರಿಗಿಂತ ಹೆಚ್ಚು ಏರಬೇಕು. ದಾರಿಯ ನಡುವೆ ಸಿಗುವ ಗಿರಿಗದ್ದೆಯ ಭಟ್ಟರ ಮನೆ ಮುಟ್ಟುವಷ್ಟರಲ್ಲಿ ಎರಡು ಕಿಲೋ ಲೆನ್ಸು ಚೀಲದ ತಳ ಸೇರಿರುತ್ತದೆ. ಆಮೇಲೆ ಅದನ್ನು ತೆಗೆದು, ಜೋಡಿಸಿ, ಎತ್ತಿ ಹಿಡಿಯುವವರೆಗೆ ಯಾವ ಮಂಗಟ್ಟೆಯೂ ಕೊಂಬೆಯ ಮೇಲೆ ಕೂತಿರುವುದಿಲ್ಲ.

ಹಾಗಾದರೆ 250ಕ್ಕೆ ಹಕ್ಕಿ ಸಿಗುತ್ತದೆಯೇ? ಲೆಕ್ಕ ಹಾಕಿ ನೋಡೋಣ. ನಿಮ್ಮ ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಸೆನ್ಸರ್ 22.3 ಮಿ.ಮೀ. ಅಗಲ. 250ರಲ್ಲಿ ಮೂವತ್ತು ಮೀಟರ್ ದೂರದ ಮರವನ್ನು ನೋಡಿದರೆ ಚೌಕಟ್ಟಿನೊಳಗೆ ಸುಮಾರು 2.7 ಮೀಟರ್ ಅಗಲದ ಜಾಗ ಹಿಡಿಸುತ್ತದೆ. ಮಲಬಾರ್ ಬೂದು ಮಂಗಟ್ಟೆಯ ಉದ್ದ ಸುಮಾರು 45 ಸೆ.ಮೀ. ಅಂದರೆ ಹಕ್ಕಿ ಚಿತ್ರದ ಆರನೆಯ ಒಂದು ಪಾಲು, ಆರು ಸಾವಿರ ಪಿಕ್ಸೆಲ್‌ಗಳಲ್ಲಿ ಒಂದು ಸಾವಿರ. ಕತ್ತರಿಸಿ ಮೊಬೈಲಿನಲ್ಲಿ ನೋಡಲು, ಸಣ್ಣ ಪ್ರಿಂಟ್ ಹಾಕಿಸಲು ಧಾರಾಳವಾಯಿತು. ಗೋಡೆಗೆ ತೂಗುಹಾಕಲು ಸಾಲದು. 600 ಆಗಿದ್ದರೆ ಅದೇ ಹಕ್ಕಿ ಚೌಕಟ್ಟಿನ ಐದನೆಯ ಎರಡು ಪಾಲು ತುಂಬುತ್ತಿತ್ತು, ನಿಜ. ಹಕ್ಕಿಯೊಂದೇ ಗುರಿಯಾಗಿದ್ದರೆ ಗಣೇಶಗುಡಿಯ ಓಲ್ಡ್ ಮ್ಯಾಗಜೀನ್ ಹೌಸ್‌ಗೆ ಹೋಗಿ, ನೀರು ಕುಡಿಯಲು ಬರುವ ಹಕ್ಕಿಗಳ ಮುಂದೆ ಕೂತುಬಿಡಿ. ಅಲ್ಲಿಗೆ ದೊಡ್ಡ ಲೆನ್ಸನ್ನು ಕಾರೇ ಹೊರುತ್ತದೆ. ನಡೆಯುವ ದಾರಿಯ ಲೆಕ್ಕ ಬೇರೆ.

ಲೆನ್ಸ್ ಆರಿಸುವವರು ಎಷ್ಟು ದೂರ ಎಳೆಯುತ್ತದೆ ಎಂದಷ್ಟೇ ನೋಡುತ್ತಾರೆ, ಎಷ್ಟು ಹತ್ತಿರಕ್ಕೆ ಫೋಕಸ್ ಆಗುತ್ತದೆ ಎಂದು ಯಾರೂ ಕೇಳುವುದಿಲ್ಲ. ನಮ್ಮ ಮಳೆಕಾಡುಗಳಲ್ಲಿ ಎರಡನೆಯದೇ ಮುಖ್ಯ ಎಂಬುದು ನನ್ನ ಖಚಿತ ಅಭಿಪ್ರಾಯ. ಇಲ್ಲಿ ಐವತ್ತು ಹೆಜ್ಜೆ ಮುಂದಿನದು ಕಾಣುವುದೇ ಅಪರೂಪ. ಕಾಣುವುದೆಲ್ಲ ಕಾಲ ಬುಡದಲ್ಲಿ, ಕೈಗೆಟಕುವ ಕೊಂಬೆಯಲ್ಲಿ: ಕಪ್ಪೆ, ಅಣಬೆ, ಸೀತಾಳೆ ದಂಡೆ, ಜರೀಗಿಡದ ಸುರುಳಿ. 55-250 ಎಸ್‌ಟಿಎಂ 85 ಸೆ.ಮೀ.ವರೆಗೆ ಹತ್ತಿರ ಬರುತ್ತದೆ. ಈ ದೂರವನ್ನು ಅಳೆಯುವುದು ಸೆನ್ಸರ್‌ನಿಂದ. ಲೆನ್ಸಿನ ಮೂತಿಯಿಂದಾದರೆ ಇನ್ನೂ ಕಡಿಮೆ. ಆಗ ಚೌಕಟ್ಟಿನಲ್ಲಿ ಹಿಡಿಸುವುದು 77 ಮಿ.ಮೀ. ಅಗಲ, 51 ಮಿ.ಮೀ. ಎತ್ತರದ ಜಾಗ, ಅಂದರೆ ಅಂಗೈಗಿಂತ ಚಿಕ್ಕದು. ಕರ್ನಾಟಕದ ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಹತ್ತಿರ ಕೂತರೆ ನೀವೇ ಹಿಂದಕ್ಕೆ ಸರಿಯಬೇಕು, ರೆಕ್ಕೆ ಹಿಡಿಸುವುದಿಲ್ಲ. 150-600 ಕಂಟೆಂಪೊರರಿಗೆ ಕನಿಷ್ಠ 2.8 ಮೀಟರ್ ದೂರ ಬೇಕು. ಇಕ್ಕಟ್ಟಾದ ಕಾಲುದಾರಿಯಲ್ಲಿ ಅಷ್ಟು ಹಿಂದೆ ಹೋದರೆ ಬೆನ್ನಿಗೆ ಬಿದಿರು ಮೆಳೆ.

ಇನ್ನೊಂದು ಲಾಭ. ಮಳೆಗಾಲದಲ್ಲಿ ಮಲಬಾರ್ ಗುಳಿಮಂಡಲ ದಾರಿಬದಿಯ ಕಲ್ಲಿನ ಮೇಲೋ ಗಿಡದ ಕವಲಿನಲ್ಲೋ ಗಂಟೆಗಟ್ಟಲೆ ಅಲುಗಾಡದೆ ಕೂತಿರುತ್ತದೆ. 18-55 ಹಿಡಿದವರು ಅದರ ಮುಖಕ್ಕೆ ಕೈ ಚಾಚುತ್ತಾರೆ. 250ರಲ್ಲಿ ಎರಡು ಮೀಟರ್ ದೂರ ನಿಂತರೂ ಅದರ ತಲೆ ಮತ್ತು ಮೊದಲ ಸುತ್ತು ಚೌಕಟ್ಟು ತುಂಬುತ್ತದೆ. ಹಾವಿಗೂ ನೆಮ್ಮದಿ, ನಿಮಗೂ. ಮಂಡಿಯೂರುವ ಅಗತ್ಯ ಕಡಿಮೆಯಾದ್ದರಿಂದ ಉಂಬಳಗಳ ಕಾಟವೂ ಸ್ವಲ್ಪ ತಗ್ಗುತ್ತದೆ ಎನ್ನೋಣ.

ಕೊರತೆ ಇಲ್ಲವೆಂದಲ್ಲ. 250ರಲ್ಲಿ ಬೆಳಕು ಒಳಬಿಡುವ ದ್ಯುತಿರಂಧ್ರ ಎಫ್/5.6ಕ್ಕಿಂತ ಹೆಚ್ಚು ತೆರೆಯದು. ನೆತ್ತಿ ಮುಚ್ಚಿದ ಕಾಡಿನೊಳಗೆ ಮಧ್ಯಾಹ್ನವೂ ಮಬ್ಬು. ಸೂರಕ್ಕಿಯಂಥ ಚಂಚಲ ಹಕ್ಕಿಗೆ ಸೆಕೆಂಡಿನ 1/320 ವೇಗ ಬೇಕೆಂದರೆ ಐಎಸ್‌ಒ (ಸೆನ್ಸರ್‌ನ ಬೆಳಕಿನ ಸಂವೇದನೆ) 3200ಕ್ಕೆ ಏರಿಸಲೇಬೇಕು, ಚಿತ್ರದಲ್ಲಿ ಕಾಳು ಕಾಣುತ್ತದೆ. ಐಎಸ್ ನಿಮ್ಮ ಕೈನಡುಕವನ್ನು ತಡೆಯುತ್ತದೆ, ಹಕ್ಕಿಯ ಕುಣಿತವನ್ನಲ್ಲ. ಅಲುಗದ ಅಣಬೆಗಾದರೆ 1/60ರಲ್ಲೂ ಕೈಯಲ್ಲೇ ಹಿಡಿದು ತೆಗೆಯಬಹುದು. ಕ್ಯಾಮೆರಾಕ್ಕೆ ಕೂರುವ ಮೌಂಟ್ ಪ್ಲಾಸ್ಟಿಕ್, ನೀರು ತಡೆಯುವ ಸೀಲ್ ಇಲ್ಲ. ಜಿಟಿಜಿಟಿ ಮಳೆಯಲ್ಲಿ ಸ್ನಾನದ ಶವರ್ ಕ್ಯಾಪ್ ಒಂದನ್ನು ಜೇಬಿನಲ್ಲಿಡಿ. ಲೆನ್ಸಿನ ಮೂತಿಗೆ ಹಾಕುವ ಹುಡ್ ಪೆಟ್ಟಿಗೆಯಲ್ಲಿ ಬರುವುದಿಲ್ಲ; ಇಟಿ-63 ಎಂದು ಕೇಳಿ ಬೇರೆಯಾಗಿ ಕೊಳ್ಳಬೇಕು.

ಹೊಳಪು ತಗ್ಗಿಸುವ ಪೋಲರೈಸರ್ ಫಿಲ್ಟರ್ ಒಂದು ಕೊಳ್ಳುವುದಾದರೆ ಅನುಕೂಲವಿದೆ. ನಿಮ್ಮ ಎರಡೂ ಲೆನ್ಸ್‌ಗಳಿಗೆ 58 ಮಿ.ಮೀ. ಫಿಲ್ಟರ್ ಹಿಡಿಯುತ್ತದೆ. ಒದ್ದೆ ಎಲೆಗಳ ಬಿಳಿ ಹೊಳಪನ್ನು ಅದು ತೆಗೆದರೆ ಹಸಿರು ಹಸಿರಾಗಿಯೇ ಬರುತ್ತದೆ. ಬೆಟ್ಟದ ಸಾಲುಗಳಿಗೆಂದು 18-55ಕ್ಕೇ ಮರಳಬೇಡಿ. ಕುದುರೆಮುಖದ ಹುಲ್ಲುಗಾವಲಿನಿಂದ ಬೆಳಗ್ಗೆ ಮಂಜಿನ ನಡುವೆ ಏಳುವ ಮಡಿಕೆಗಳನ್ನು 150-200ರ ಆಸುಪಾಸಿನಲ್ಲಿ ನೋಡಿ, ಒಂದರ ಹಿಂದೊಂದು ಒತ್ತಾಗಿ ನಿಲ್ಲುತ್ತವೆ.

ಕೊಳ್ಳುವಾಗ ಹೆಸರನ್ನು ಪೂರ್ತಿ ಓದಿ. ಎಸ್‌ಟಿಎಂ ಎಂದು ಬರೆದಿರದ 55-250ರಲ್ಲಿ ಫೋಕಸ್ ಮಾಡಿದಂತೆ ಮುಂದಿನ ಗಾಜು ತಿರುಗುತ್ತದೆ, ತಿರುಗಿಸಿ ಹೊಂದಿಸಿದ ಪೋಲರೈಸರ್ ಕೂಡ ಅದರ ಜೊತೆ ತಿರುಗಿ ತಲೆನೋವಾಗುತ್ತದೆ; ಹತ್ತಿರದ ಫೋಕಸ್ ಕೂಡ 1.1 ಮೀಟರಿಗೇ ನಿಲ್ಲುತ್ತದೆ. ಅಂಗಡಿಯವರು 75-300 ತೋರಿಸಿ 'ಇದು ಇನ್ನೂ ದೂರ ಹೋಗುತ್ತದೆ' ಎಂದರೆ ಕೈಮುಗಿದು ಬನ್ನಿ. ಅದು 480 ಗ್ರಾಂ, ಐಎಸ್ ಇಲ್ಲ, 300ರಲ್ಲಿ ಚಿತ್ರ ಮೆತ್ತಗೆ. ನಿಕಾನ್ ಬಳಸುವ ಗೆಳೆಯರಿದ್ದರೆ ಅವರಿಗೆ ಎಎಫ್-ಪಿ ಡಿಎಕ್ಸ್ 70-300 ವಿಆರ್, 415 ಗ್ರಾಂ; ಆದರೆ ಡಿ3200, ಡಿ5100, ಡಿ7000ದಂಥ ಹಳೆಯ ಕ್ಯಾಮೆರಾಗಳಲ್ಲಿ ಅದು ಕೆಲಸ ಮಾಡುವುದಿಲ್ಲ. ಮುಂದೆ ನೀವು ಕ್ಯಾನನ್ ಮಿರರ್‌ಲೆಸ್‌ಗೆ (ಒಳಗೆ ಕನ್ನಡಿಯಿಲ್ಲದ ಕ್ಯಾಮೆರಾ) ಹೋದರೂ ಈ 55-250 ವ್ಯರ್ಥವಾಗದು, ಅಡಾಪ್ಟರ್ ಹಾಕಿದರೆ ನಡೆಯುತ್ತದೆ.

ಸೆಕೆಂಡ್ ಹ್ಯಾಂಡ್ ಎಂದಮೇಲೆ ಬೂಷ್ಟಿನ ಭಯ ಇದ್ದದ್ದೇ, ಅದರಲ್ಲೂ ಕರಾವಳಿ, ಮಲೆನಾಡಿನಲ್ಲಿ ಬಳಸಿದ ಲೆನ್ಸ್‌ಗಳಲ್ಲಿ. ಮಾರುವವರ ಮನೆಗೆ ನಿಮ್ಮ ಕ್ಯಾಮೆರಾವನ್ನೂ ಒಯ್ಯಿರಿ. ಲೆನ್ಸಿನ ಎರಡೂ ಮುಚ್ಚಳ ತೆಗೆದು, ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು, ಮುಂದಿನಿಂದ ಓರೆಯಾಗಿ ನೋಡಿ. ಧೂಳಿನ ಕಣ ನಾಲ್ಕಿದ್ದರೆ ಚಿಂತೆಯಿಲ್ಲ. ಜೇಡರ ಬಲೆಯಂಥ ಎಳೆಗಳು ಕಂಡರೆ ಅರ್ಧ ಬೆಲೆಗೆ ಕೊಟ್ಟರೂ ಬಿಡಿ. ನಂತರ ಕ್ಯಾಮೆರಾಕ್ಕೆ ಹಾಕಿ, 250ರಲ್ಲಿ ಕಿಟಕಿಯ ಹೊರಗಿನ ಯಾವುದಾದರೂ ಬೋರ್ಡಿನ ಮೇಲೆ 1/60ರಲ್ಲಿ ಐಎಸ್ ಹಾಕಿ ಒಂದಿಷ್ಟು, ಆರಿಸಿ ಒಂದಿಷ್ಟು ಚಿತ್ರ ತೆಗೆದು ಹಿಗ್ಗಿಸಿ ನೋಡಿ. ಎರಡರಲ್ಲೂ ಅಕ್ಷರ ಒಂದೇ ಥರ ಅಲುಗಿದ್ದರೆ ಐಎಸ್ ಕೆಟ್ಟಿದೆ. ಬೇರೆ ಮಾರಾಟಗಾರರನ್ನು ಹುಡುಕಿ. ತಂದಮೇಲೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ, ಚಾರಣದಿಂದ ಬಂದ ದಿನವೇ ಒದ್ದೆ ಚೀಲದಿಂದ ಹೊರಗೆ ತೆಗೆಯಿರಿ.